ಕಪ್ಪು ಅರಗಿನ ಮೌಂಟಿಂಗ್

ಮೊನ್ನೆ ಮೊಮ್ಮಗಳಿಗೆ ಒಂದು ಗಿಲಕಿ ಕೊಳ್ಳೋಣವೆಂದು ಗೊಂಬೆ ಅಂಗಡಿಗೆ ಹೋಗಿದ್ದೆ. ಒಳಗೆ ಒಬ್ಬರು ಮುದುಕರು ಲೇತಿನ ಮುಂದೆ ಕೂತು, ಗಿರಗಿರ ತಿರುಗುತ್ತಿದ್ದ ಮರದ ತುಂಡಿಗೆ ಅರಗಿನ ಕಡ್ಡಿ ಒತ್ತಿದರು. ಉಜ್ಜಿದ ಕಾವಿಗೆ ಅರಗು ಕರಗಿ ಮರಕ್ಕೆ ಹತ್ತಿತು. ಆ ವಾಸನೆ ಮೂಗಿಗೆ ಬಡಿಯಿತು. ಚನ್ನಪಟ್ಟಣದಲ್ಲಿ ಹುಟ್ಟಿ ಬೆಳೆದವಳಿಗೆ ಅರಗಿನ ವಾಸನೆ ಹೊಸದೇ? ಊರಿಗೆಲ್ಲ ಅದು ಗೊಂಬೆಯ ವಾಸನೆ. ನನಗೆ ಮಾತ್ರ ಭಾಯಿಯ ವಾಸನೆ... ಬಾಗಿಲಲ್ಲೇ ನಿಂತುಬಿಟ್ಟೆ.

ಆಗ ನಮ್ಮದು ಸಾತನೂರು ರಸ್ತೆಯಲ್ಲಿ ಕಾರಿನ ಸೀಟ್ ಕವರ್ ಹೊಲಿಯುವ ಅಂಗಡಿ. ಗೋಡೆಗೆ ಗೋಡೆ ಅಂಟಿಕೊಂಡು ಭಾಯಿಯ ಗ್ಯಾರೇಜು. ವಯಸ್ಸಿನಲ್ಲಿ ನನಗಿಂತ ಚಿಕ್ಕವರೇ, ಆದರೂ ನಾನು ಭಾಯಿ ಅನ್ನುತ್ತಿದ್ದೆ, ಅವರು ಅಕ್ಕ ಅನ್ನುತ್ತಿದ್ದರು. ದಿನಕ್ಕೊಂದು ಸಲವಾದರೂ ಜಗಳ ಆಗಲೇಬೇಕು. ಅವರ ಕಂಪ್ರೆಸರ್ ಶುರುವಾದರೆ ನನ್ನ ತಲೆ ಸಿಡಿಯುತ್ತಿತ್ತು. ನನ್ನ ಬಾಯಿ ಶುರುವಾದರೆ ಕಂಪ್ರೆಸರ್ ಕೇಳುವುದೇ ಇಲ್ಲ ಅಂತ ಅವರು ನಗುತ್ತಿದ್ದರು. ಜಗಳ ಮುಗಿದ ಮೇಲೆ ಟೀ ಮಾತ್ರ ಒಂದೇ ಫ್ಲಾಸ್ಕಿನಿಂದ.

ಅವರದು ತಲೆತಲಾಂತರದಿಂದ ಲೇತಿನಲ್ಲಿ ಮರದ ಗೊಂಬೆ ತಿರುಗಿಸುವ ಮನೆ. ಹೊರದೇಶದ ಪ್ಲಾಸ್ಟಿಕ್ ಗೊಂಬೆ ಬಂದು ಆ ಕಸುಬನ್ನು ನುಂಗಿದ ಮೇಲೆ ಭಾಯಿ ಸ್ಪ್ಯಾನರ್ ಹಿಡಿದರು. ಆದರೂ ಅಪ್ಪನ ಹಳೆಯ ಮರದ ಲೇತನ್ನು ಗುಜರಿಗೆ ಹಾಕಲಿಲ್ಲ, ಗ್ಯಾರೇಜಿನ ಮೂಲೆಯಲ್ಲಿ ಇಟ್ಟುಕೊಂಡಿದ್ದರು. ಯಾವುದಾದರೂ ಕಬ್ಬಿಣದ ಭಾಗ ಹೊಸದಾಗಿ ಮಾಡಿಸಬೇಕಾದರೆ ಮೊದಲು ಗೊಂಬೆಗೆ ಬಳಸುವ ಹಾಲೆ ಮರದಲ್ಲಿ ಅಳತೆಗೆ ಒಂದು ಮಾದರಿ ಮಾಡಿ, ಗಾಡಿಗೆ ಕೂರಿಸಿ ನೋಡುವರು. ಸರಿಹೋದರೆ ಅದೇ ಅಳತೆಗೆ ಕಬ್ಬಿಣದ್ದು ಮಾಡಿಸುವರು.

ಬಿಚ್ಚಿ ಬಿಸಾಡುವ ಆ ಮರದ ತುಂಡಿಗೂ ಅರಗು ಹಾಕದೆ ಬಿಡುತ್ತಿರಲಿಲ್ಲ. ಕೇದಗೆ ಗರಿಯಲ್ಲಿ ಒತ್ತಿ ಒತ್ತಿ ಉಜ್ಜಿ, ಮುಖ ಕಾಣುವ ಹಾಗೆ ಹೊಳಪು ಬರಿಸುವರು. ಎಂಜಿನ್ನಿಗೆ ಗೊಂಬೆ ಮಾಡ್ತಿದ್ದೀರಾ ಭಾಯಿ ಅಂತ ನಾನು ಆಡಿಕೊಂಡರೆ, ಒಂದೇ ಉತ್ತರ.

“ಬರೀ ಮರ ಹಂಗೇ ಕೈಯಿಂದ ಇಳಿಸಬಾರ್ದು ಅಕ್ಕ. ನಮ್ಮ ಅಬ್ಬ ಹೇಳ್ಕೊಟ್ಟಿದ್ದು.”

ಆ ಕೆಂಪು ಕಾರು ಬಂದದ್ದು ಹಾರೋಹಳ್ಳಿ ಕಡೆ ಫ್ಯಾಕ್ಟರಿಗಳು ಒಂದರ ಹಿಂದೆ ಒಂದು ಏಳುತ್ತಿದ್ದ ಕಾಲದಲ್ಲಿ. ಎರಡೇ ಸೀಟು, ಮೇಲೆ ಸೂರಿಲ್ಲ, ಕೂತರೆ ನೆಲದ ಮೇಲೆ ಕೂತ ಹಾಗೆ. ತಂದವನು ಅಲ್ಲಿಯ ಗೌಡರ ಮಗ. ಅವನಿಗೂ ಹೆಸರಿತ್ತು, ನಾನು ಹೇಳುವುದಿಲ್ಲ, ಇವತ್ತಿಗೂ ಬಾಯಿಗೆ ಬರುವುದಿಲ್ಲ. ಅವರ ಹೊಲ ಇದ್ದ ಜಾಗದಲ್ಲಿ ಈಗ ಕಾರ್ಖಾನೆಯ ಕಾಂಪೌಂಡು, ಹೊಲ ಉಳಬೇಕಾದವನ ಕೈಯಲ್ಲಿ ಈ ಕಾರು.

“ಭಾಯಿ, ನೋಡೋಕಷ್ಟೇ ಇದು ಹುಲಿ. ಲಾರಿ ಹಿಂದಾಕೋಕೆ ಹೋದ್ರೆ ಏದುಸಿರು ಬತ್ತದೆ. ದೊಡ್ಡ ಎಂಜಿನ್ ಕೂರಿಸ್ಕೊಡಿ,” ಅಂದ.

ಭಾಯಿ ಬಾನೆಟ್ ಎತ್ತಿ ಬಹಳ ಹೊತ್ತು ನೋಡಿದರು. ಮೊದಲು ಆಗೋದಿಲ್ಲ ಅಂದರು. ಆಮೇಲೆ ಮತ್ತೆ ನೋಡಿದರು. ಅಂಥ ಕೆಲಸ ಈ ಸುತ್ತಿನಲ್ಲಿ ಯಾರೂ ಮಾಡಿರಲಿಲ್ಲ, ಆ ಆಸೆ ಅವರ ಕಣ್ಣಿನಲ್ಲಿ ನನಗೆ ಕಂಡಿತು. ನನಗೆ ಯಾಕೋ ಆ ಕಾರು ಮೊದಲ ದಿನವೇ ಹಿಡಿಸಲಿಲ್ಲ. ಚೈನ್ ಬ್ಲಾಕಿನಲ್ಲಿ ಹಳೆಯ ಎಂಜಿನ್ ಮೇಲೆತ್ತಿದಾಗ ಭಾರ ಕಳೆದುಕೊಂಡ ಕಾರಿನ ಮುಂಭಾಗ ತಾನಾಗಿ ಮೇಲೆದ್ದಿತು, ಮಲಗಿದ್ದದ್ದು ಎಚ್ಚೆತ್ತು ತಲೆ ಎತ್ತಿದ ಹಾಗೆ. ನಾನು ನನ್ನ ಮಿಷನ್ನಿನ ಮುಂದೆ ಹೋಗಿ ಕೂತೆ.

ಅಪಘಾತವಾದ ದೊಡ್ಡ ಕಾರೊಂದರ ಎಂಜಿನ್ ತಂದರು. ಅದು ಹಳೆಯ ಜಾಗದಲ್ಲಿ ಕೂರಲಿಲ್ಲ. ಎಂಜಿನ್ನನ್ನು ಗಾಡಿಗೆ ಬಿಗಿದು ಹಿಡಿಯುವ ಮೌಂಟಿಂಗ್ ಮೂರನ್ನೂ ಹೊಸದಾಗಿಯೇ ಮಾಡಿಸಬೇಕಾಯಿತು. ಭಾಯಿ ಮೂರನ್ನೂ ಮೊದಲು ಮರದಲ್ಲಿ ತಿರುಗಿಸಿದರು. ಎಂಜಿನ್ನಿನ ಸಾಮಾನಲ್ಲವೇ, ಕಪ್ಪು ಅರಗು ಹಾಕಿದರು. ಹಾರೋಹಳ್ಳಿಯ ಒಂದು ವರ್ಕ್‌ಶಾಪಿನಿಂದ ಕಬ್ಬಿಣದವು ಎರಡು ಬಂದವು, ಅವಕ್ಕೂ ಕಪ್ಪು ಬಣ್ಣ. ಮೂರನೆಯದು ಕರೆಂಟಿಲ್ಲ, ಇವತ್ತು ನಾಳೆ ಅಂತ ಎಳೆಯುತ್ತಾ ಹೋಯಿತು. ಅಲ್ಲಿಯವರೆಗೆ ಎಂಜಿನ್ ಜಾಗ ಬಿಟ್ಟು ಜರುಗದಿರಲಿ ಅಂತ ಮೂರನೆಯ ಕಡೆ ಮರದ್ದನ್ನೇ ಬಿಟ್ಟರು. ಹೊರಗಿನಿಂದ ನೋಡಿದರೆ ಮೂರೂ ಒಂದೇ. ನಿಜ ಹೇಳಬೇಕೆಂದರೆ ಮರದ್ದೇ ಹೆಚ್ಚು ಹೊಳೆಯುತ್ತಿತ್ತು.

ಒಂದು ಸಂಜೆ ನಿಂತಲ್ಲೇ ಎಂಜಿನ್ ಸ್ಟಾರ್ಟ್ ಮಾಡಿ ನೋಡಿದರು. ನನ್ನ ಅಂಗಡಿಯ ಗೋಡೆ ನಡುಗಿ, ಮೊಳೆಗೆ ತೂಗುಹಾಕಿದ್ದ ಕತ್ತರಿ ಕೆಳಗೆ ಬಿತ್ತು. ಬೈಯಲೆಂದು ಗ್ಯಾರೇಜಿನ ಬಾಗಿಲಿಗೆ ಹೋದೆ. ಪೆಟ್ರೋಲ್ ಹೊಗೆಯ ನಡುವೆ ಅರಗಿನ ವಾಸನೆ ಬರುತ್ತಿತ್ತು. ಭಾಯಿ ಎಂಜಿನ್ ಆಫ್ ಮಾಡಿ, ಬಗ್ಗಿ, ನೆಲದ ಮೇಲೆ ಬಿದ್ದಿದ್ದ ಒಂದು ಕಪ್ಪು ಹನಿಯನ್ನು ಬೆರಳಿನಿಂದ ಒತ್ತಿ ನೋಡಿದರು. ಅವರ ಮುಖ ಸಣ್ಣಗಾಗಿತ್ತು.

“ಕಾವಿಗೆ ಅರಗು ಇಳೀತಾ ಐತೆ ಅಕ್ಕ. ಕಬ್ಬಿಣ ಬರೋಗಂಟ ಈ ಕಾರು ಇಲ್ಲಿಂದ ಅಲ್ಲಾಡಬಾರ್ದು. ಹಿಂಗೇ ರೋಡಿಗೆ ಬುಟ್ರೆ ಹೆಣ ಬೀಳ್ತದೆ.”

ಬಿಡ್ತು ಅನ್ನಿ ಭಾಯಿ ಅಂದೆ. ಅವರು ಅನ್ನಲಿಲ್ಲ, ಬೆರಳನ್ನು ಬಟ್ಟೆಗೆ ಒರೆಸಿಕೊಳ್ಳುತ್ತಾ ನಿಂತಿದ್ದರು.

ಆ ವರ್ಷ ಆಯುಧಪೂಜೆ ಶುಕ್ರವಾರ ಬಂತು. ಬೀದಿಯ ಗಾಡಿಗಳಿಗೆಲ್ಲ ಸೇವಂತಿಗೆ ಹಾರ, ಬೂದುಗುಂಬಳದ ಹೋಳು ತುಳಿದು ರಸ್ತೆಯೆಲ್ಲ ರಾಡಿ. ಭಾಯಿ ಮಧ್ಯಾಹ್ನದ ನಮಾಜಿಗೆ ಹೊರಟವರು ನನ್ನ ಬಾಗಿಲಲ್ಲಿ ನಿಂತು, ಮೌಂಟಿಂಗನ್ನು ಬಸ್ಸಿನಲ್ಲಿ ಕಳಿಸಿದ್ದಾರಂತೆ, ಹಾಗೇ ಬಸ್ ಸ್ಟ್ಯಾಂಡಿಗೆ ಹೋಗಿ ಇಸಕೊಂಡು ಬತ್ತೀನಿ ಅಂದರು. ಮುಖ ಗೆಲುವಾಗಿತ್ತು. ಸಂಜೆಗೆ ಕೆಲಸ ಮುಗಿಯುತ್ತದೆ, ಮೊದಲ ಸವಾರಿ ನಿಮಗೇ ಅಕ್ಕ ಅಂತ ತಮಾಷೆ ಬೇರೆ. ನಿಮ್ಮ ಸವಾರಿಯೂ ಬೇಡ, ನಿಮ್ಮ ಸದ್ದೂ ಬೇಡ, ಹೋಗಿ ಅಂದೆ. ನಾನು ಅವರಿಗೆ ಆಡಿದ ಕೊನೆಯ ಮಾತು ಅದೇ ಆಯಿತು.

ಅವರು ಅತ್ತ ಹೋದರು, ಇತ್ತ ಗೌಡರ ಮಗ ಬಂದ. ಕೈಯಲ್ಲಿ ಹಾರ, ನಿಂಬೆಹಣ್ಣು, ಜೇಬಿನಲ್ಲಿ ಕಾರಿನ ಇನ್ನೊಂದು ಕೀ. ಪೂಜೆ ದಿನ ಗಾಡಿ ಒಂದು ಸುತ್ತಾದರೂ ಓಡದಿದ್ದರೆ ಹೇಗೆ ಅಂತ ಅವನ ಹಟ. ನಾನು ಹೊಲಿಗೆ ಬಿಟ್ಟು ಓಡಿದೆ.

“ಭಾಯಿ ಬರ್ಲಿ ತಡಿಯಪ್ಪ. ಒಂದು ಮೌಂಟಿಂಗ್ ಇನ್ನೂ ಬಂದಿಲ್ಲ.”

ಬಾನೆಟ್ ಎತ್ತಿ ನೋಡಿದ. “ಮೂರೂ ಐತಲ್ಲಕ್ಕ, ಪಳಪಳ ಅಂತಾವೆ.”

“ಅದ್ರಲ್ಲೊಂದು ಮರದ್ದು ಕಣಪ್ಪ, ನಿನ್ ಕೈ ಮುಗೀತೀನಿ.”

ಅವನು ನಕ್ಕ. “ಎಂಜಿನ್ನಿಗೆ ಯಾರಾದ್ರೂ ಮರ ಹಾಕ್ತಾರಾ? ನೀವು ಸೀಟ್ ಹೊಲೀರಿ. ಒಸಿ ದೂರ ಹೋಗಿ ಬಂದ್ಬುಡ್ತೀನಿ.”

ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟ. ನಾನು ಕಾರಿನ ಮುಂದೆ ನಿಂತೆ. ಅವನು ಹಿಂದಕ್ಕೆ ತೆಗೆದು, ಸುತ್ತಿಸಿಕೊಂಡು ಹೊರಟೇಹೋದ. ನಿಂಬೆಹಣ್ಣು ಚಕ್ರಕ್ಕೆ ಸಿಗದೆ ಉರುಳಿ ಮೋರಿಗೆ ಬಿತ್ತು. ಅಯ್ಯೋ ದೇವರೇ ಅಂತ ಭಾಯಿ ಬರುವ ದಾರಿ ನೋಡುತ್ತಾ ನಿಂತೆ.

ಸ್ವಲ್ಪ ಹೊತ್ತಿಗೆ ಭಾಯಿಯ ಬೈಕು ಬಂತು. ಪೇಪರಿನಲ್ಲಿ ಸುತ್ತಿದ ಮೌಂಟಿಂಗ್ ಕಂಕುಳಲ್ಲಿತ್ತು. ಖಾಲಿ ಜಾಗ ನೋಡಿದರು, ನನ್ನ ಮುಖ ನೋಡಿದರು. ಸಾತನೂರು ಕಡೆಗೆ ನಾನು ಕೈ ತೋರಿಸಿದ್ದಷ್ಟೇ. ಪೊಟ್ಟಣವನ್ನು ಅಂಗಿಯೊಳಗೆ ತೂರಿಸಿಕೊಂಡು ಬೈಕು ತಿರುಗಿಸಿದರು.

ಮುಂದಿನದನ್ನು ನಾನು ಕಣ್ಣಾರೆ ಕಂಡಿಲ್ಲ. ರಸ್ತೆ ಪಕ್ಕ ಹಿಪ್ಪುನೇರಳೆ ಸೊಪ್ಪು ಕೊಯ್ಯುತ್ತಿದ್ದ ಹೆಂಗಸರು ಹೇಳಿದ್ದು. ಹುಡುಗ ಮುಂದಿನ ಊರಿನಲ್ಲಿ ನೆಂಟರಿಗೆ ಕಾರು ತೋರಿಸಿ ವಾಪಸು ಬರುತ್ತಿದ್ದನಂತೆ. ದೂರದಲ್ಲಿ ಕೆಂಪು ಬಣ್ಣ ಕಂಡದ್ದೇ ಭಾಯಿ ಬೈಕು ಬಿಸಾಡಿ, ರಸ್ತೆ ನಡುವೆ ಎರಡು ಕೈಯೂ ಎತ್ತಿ ನಿಂತರಂತೆ, ನಿಲ್ಸು ನಿಲ್ಸು ಅಂತ. ದಿಣ್ಣೆ ಹತ್ತಿಸಲು ಅವನು ಆಗಷ್ಟೇ ಆಕ್ಸಿಲರೇಟರ್ ಬಲವಾಗಿ ಒತ್ತಿದ್ದ. ಎಂಜಿನ್ ಕಾವಿಗೆ ಕಾದಿದ್ದ ಮರದ ಮೌಂಟಿಂಗ್ ಸೀಳಿತು, ಎಂಜಿನ್ ಒಂದು ಪಕ್ಕಕ್ಕೆ ಎದ್ದು ಆಕ್ಸಿಲರೇಟರ್ ಕೇಬಲನ್ನು ತಾನೇ ಎಳೆದುಕೊಂಡಿತು. ಕಾಲು ತೆಗೆದೆ, ಆದ್ರೂ ಅದು ಓಡ್ತಾನೇ ಇತ್ತು ಅಂತ ಅವನು ಆಮೇಲೆ ಅಳುತ್ತಾ ಹೇಳಿದನಂತೆ... ಅವನಿಗೆ ಕೈ ಮುರಿಯಿತು, ಬದುಕಿದ. ಭಾಯಿ ರಸ್ತೆ ಬಿಟ್ಟು ಕದಲಲಿಲ್ಲವಂತೆ, ಕಾರು ಅವರ ಮೇಲೇ ಹರಿಯಿತು. ಪಕ್ಕಕ್ಕೆ ಹಾರಬಹುದಿತ್ತು. ಯಾಕೆ ಹಾರಲಿಲ್ಲ ಅಂತ ನಾನು ಇಷ್ಟು ವರ್ಷವೂ ಅವರೊಡನೆ ಮನಸ್ಸಿನಲ್ಲೇ ಜಗಳವಾಡುತ್ತಿದ್ದೇನೆ. ತಾನು ಮಾಡಿದ ಗಾಡಿ ತನ್ನ ಮಾತು ಕೇಳುತ್ತದೆ ಅಂದುಕೊಂಡರೋ ಏನೋ.

ಅಂಗಿಯೊಳಗಿನ ಕಬ್ಬಿಣದ ಮೌಂಟಿಂಗನ್ನು ಭಾಯಿಯ ಹೆಂಡತಿ ನನಗೆ ತೋರಿಸಿದರು. ಪೇಪರು ಒದ್ದೆಯಾಗಿ ಅಂಟಿಕೊಂಡಿತ್ತು. ಒಳಗಿನ ಕಬ್ಬಿಣಕ್ಕೆ ಏನೂ ಆಗಿರಲಿಲ್ಲ. ಗ್ಯಾರೇಜಿನ ಬಾಗಿಲು ಮತ್ತೆ ತೆರೆಯಲಿಲ್ಲ. ಬೀದಿ ನಿಶ್ಶಬ್ದವಾಯಿತು, ಆ ನಿಶ್ಶಬ್ದ ತಡೆಯಲಾರದೆ ನಾನೂ ಅಂಗಡಿಯನ್ನು ಪೇಟೆಗೆ ಬದಲಾಯಿಸಿದೆ. ಈಗ ಗ್ಯಾರೇಜಿನ ಜಾಗದಲ್ಲಿ ಮೊಬೈಲ್ ರಿಪೇರಿ ಅಂಗಡಿ ಇದೆ.

ಮೊನ್ನೆ ಬಾಗಿಲಲ್ಲಿ ನಿಂತವಳನ್ನು ನೋಡಿ ಮುದುಕರು ಲೇತು ನಿಲ್ಲಿಸಿದರು. ಏನಮ್ಮ ಬೇಕು ಅಂದರು. ಗಿಲಕಿ ಕೊಡಿ, ಆದರೆ ಅರಗು ಹಾಕದ್ದು, ಬರೀ ಮರದ್ದು ಕೊಡಿ ಅಂದೆ. ಮರ ಅಂತ ಗೊತ್ತಾಗಬೇಕು, ಅಷ್ಟೇ. ಮುದುಕರಿಗೆ ನಗು ಬಂತು. ಕೈಯಲ್ಲಿದ್ದ ಕೇದಗೆ ಗರಿಯನ್ನು ಮಡಚುತ್ತಾ ತಲೆ ಅಲ್ಲಾಡಿಸಿದರು.

“ಬರೀ ಮರ ಹಂಗೇ ಕೈಯಿಂದ ಇಳಿಸಬಾರ್ದಮ್ಮ.”

ಏನೂ ಕೊಳ್ಳದೆ ಮನೆಗೆ ಬಂದೆ.