ಸಹಿ ಇಲ್ಲದ ಬಟ್ಟೆಯ ತುಂಡು

ಮುಬೀನಾ, ಆ ಬಟ್ಟೆಯ ತುಂಡುಗಳಿಗೆ ನೀನು ಮಣ್ಣು ಹಚ್ಚಿರಲಿಲ್ಲ. ಹಚ್ಚಿದ್ದಾಳೆ ಎಂದು ಎಲ್ಲರ ಮುಂದೆ ಹೇಳಿದವಳು ನಾನು — ಸುಳ್ಳೆಂದು ಗೊತ್ತಿದ್ದೇ ಹೇಳಿದೆ.

ಆಗ ನೀನು ಏಳನೇ ತರಗತಿ, ನಾನು ನಿನ್ನ ಟೀಚರ್. ಬಳ್ಳಾರಿಯಿಂದ ಕುರುಗೋಡಿಗೆ ಹೋಗುವ ರಸ್ತೆಯ ಪಕ್ಕ ನಮ್ಮ ಶಾಲೆ. ಅದಿರಿನ ಲಾರಿಗಳು ಬೆಳಗಿನಿಂದಲೇ ಸಾಲುಗಟ್ಟುತ್ತಿದ್ದ ಕಾಲ. ಎಲ್ಲೆಲ್ಲೂ ಅದಿರಿನ ಕೆಂಪು ಧೂಳು; ಬಿಸಿಯೂಟದ ತಟ್ಟೆಯನ್ನು ಇನ್ನೊಮ್ಮೆ ಒರೆಸಿಯೇ ಅನ್ನ ಹಾಕಿಸಿಕೊಳ್ಳಬೇಕು. ಪರಿಸರ ಪಾಠದ ಪುಸ್ತಕದಲ್ಲೋ ಯಾವುದೋ ದೂರದ ಊರಿನ ಹೊಗೆ. "ಪುಸ್ತಕ ಮುಚ್ರಿ, ಗೇಟಿನ ಹೊಂಗಿ ಗಿಡ ನೋಡ್ರಿ" ಎಂದವಳು ನಾನೇ. ದಿನವೂ ಪ್ರಾರ್ಥನೆಗೆ ಮೊದಲು ಅದೇ ರೆಂಬೆಯ ಅದೇ ಐದು ಎಲೆಗಳನ್ನು ಬಿಳಿ ಬಟ್ಟೆಯಿಂದ ಒರೆಸುವುದು, ತುಂಡನ್ನು ನೋಟ್‌ಬುಕ್ಕಿಗೆ ಅಂಟಿಸುವುದು, ಕೆಳಗೆ ತಾರೀಕು, ಪಕ್ಕದಲ್ಲಿ ನನ್ನ ಸಹಿ. ಉಳಿದ ಮಕ್ಕಳು ವಾರದಲ್ಲಿ ಬಿಟ್ಟರು. ನೀನು ಬಿಡಲಿಲ್ಲ. ನಿಮ್ಮ ಅಬ್ಬಾ ಜೀನ್ಸ್ ಪ್ಯಾಂಟು ಹೊಲಿಯುತ್ತಿದ್ದರಲ್ಲ, ಕಿಸೆಗೆ ಹಾಕುವ ಬಿಳಿ ಬಟ್ಟೆಯ ಚೂರುಗಳನ್ನು ನೀನು ಚೀಲ ತುಂಬಿ ತಂದಿದ್ದೆ.

"ಏನಬೇ, ಗಿಡಕ್ಕ ಪೌಡರ್ ಹಚ್ಚಾಕತ್ತಿಯೇನು?" ಎಂದು ಹುಡುಗರು ಕಾಡಿದರೆ, "ಹಚ್ಚಾಕಲ್ಲಲೇ, ತಗಿಯಾಕ!" ಎನ್ನುತ್ತಿದ್ದೆ ನೀನು.

ಆ ನೋಟ್‌ಬುಕ್ಕು ಬಳ್ಳಾರಿಯ ವಸ್ತುಪ್ರದರ್ಶನಕ್ಕೆ ಆಯ್ಕೆಯಾಯಿತು. ಹೊರಡುವ ಬೆಳಿಗ್ಗೆಯೂ ನೀನು ಎಲೆ ಒರೆಸಿ ತುಂಡು ಅಂಟಿಸಿದೆ. ಸಹಿಗೆ ಹಿಡಿದಾಗ ಬಸ್ಸು ಬಂದಿತ್ತು. "ಅಲ್ಲಿ ಹೋಗಿ ಮಾಡ್ತೀನಿ ಬಾರವ್ವ" ಎಂದೆ.

ಅತಿಥಿಯಾಗಿ ಬಂದವರು ಗಣಿಯ ಮಾಲೀಕರು. ನಮ್ಮ ಮನೆಯವರ ಲಾರಿ ಅವರ ಅದಿರನ್ನೇ ಹೊರುತ್ತಿತ್ತು — ಇದು ನಿನಗೆ ಗೊತ್ತಿರಲಿಲ್ಲ. ಅವರು ಪುಟ ತಿರುವಿ, ನಗುತ್ತಲೇ ಕೇಳಿದರು: "ಇದನ್ನ ಯಾರು ಹೇಳಿಕೊಟ್ಟಿದ್ದು, ಟೀಚರ್?"

ಹೆದರಿಸುವ ಮಾತೇನೂ ಅಲ್ಲ. ಆದರೂ ನನ್ನ ಬಾಯಿಂದ ಬಂದದ್ದು —

"ನಾನಲ್ಲ ಸರ್. ಚಂದ ಕಾಣ್ಲಿ ಅಂತ ಹುಡುಗಿ ಕೆಮ್ಮಣ್ಣು ಹಚ್ಯಾಳ್ರಿ."

ಸುತ್ತ ನಿಂತವರು ನಕ್ಕರು. ನೀನು ಅಳಲಿಲ್ಲ. ಮುಷ್ಕರವೆಂದು ಎರಡು ದಿನ ಲಾರಿಗಳು ಓಡಿರಲಿಲ್ಲವಲ್ಲ, ಆ ಪುಟ ತೆಗೆದು ನನ್ನ ಕಡೆ ಹಿಡಿದೆ. "ಹಂಗಾದ್ರ ಈ ಎರಡು ದಿನದ ಬಟ್ಟಿ ಯಾಕ ಬೆಳ್ಳಗದಾವ್ರಿ ಟೀಚರ್?"

ಆ ಎರಡು ತುಂಡುಗಳ ಪಕ್ಕದಲ್ಲೂ ನನ್ನ ಸಹಿ. ನಾನು ಪುಟ ಮುಚ್ಚಿದೆ. ವಾಪಸು ಬರುವಾಗ ಬಸ್ಸಿನಲ್ಲಿ ನೀನು ಬೇರೆ ಸೀಟಿನಲ್ಲಿ ಕೂತೆ. ಮರುದಿನದಿಂದ ಹೊಂಗೆಯ ಹತ್ತಿರ ಹೋಗಲೇ ಇಲ್ಲ. ನನ್ನ ಬಳಿಯೇ ಉಳಿದ ನೋಟ್‌ಬುಕ್ಕನ್ನು ಕೇಳಲೂ ಇಲ್ಲ. ತರಗತಿಯಲ್ಲಿ ಸದಾ ಮೊದಲು ಏಳುತ್ತಿದ್ದ ನಿನ್ನ ಕೈ ಆ ವರ್ಷವಿಡೀ ಬೆಂಚಿನ ಮೇಲೆಯೇ ಇತ್ತು. ನಾನು ನೋಡುತ್ತಿದ್ದೆ — ನೋಡುತ್ತ ಪಾಠ ಮಾಡುತ್ತಿದ್ದೆ.

ಲಾರಿ ಮಾರಿ ಎಷ್ಟೋ ವರ್ಷವಾಯಿತು. ಈಗ ನಾನು ಸಿರುಗುಪ್ಪದ ಶಾಲೆಯಲ್ಲಿದ್ದೇನೆ. ಇಲ್ಲಿ ಕಿಟಕಿಗೆ ಬಂದು ಕೂರುವುದು ಅಕ್ಕಿ ಗಿರಣಿಯ ಹೊಟ್ಟಿನ ಬೂದಿ. ಹೋದ ವಾರ ಒಬ್ಬ ಹುಡುಗಿ ಬೆರಳಿನಿಂದ ಎಲೆ ಒರೆಸಿ, "ಟೀಚರ್, ಇದನ್ನ ದಿನಾ ಬರದಿಡೂಣೇನ್ರಿ?" ಎಂದಳು. "ನಾಳೆ ಹೇಳ್ತೀನಿ" ಎಂದೆ. ಮನೆಗೆ ಬಂದು ಟ್ರಂಕಿನಿಂದ ನಿನ್ನ ನೋಟ್‌ಬುಕ್ಕು ತೆಗೆದೆ. ಅಂಟು ಒಣಗಿ ಕೆಲವು ತುಂಡು ಕಳಚಿವೆ. ಕೆಂಪು ಮಾತ್ರ ಹಾಗೇ ಇದೆ. ಕೊನೆಯ ಪುಟದಲ್ಲಿ ನಿನ್ನ ಗುಂಡಗಿನ ಅಕ್ಷರದ ತಾರೀಕು, ಪಕ್ಕದಲ್ಲಿ ಖಾಲಿ ಜಾಗ.

ಮರುದಿನ ಮಕ್ಕಳಿಗೆ ಎಲ್ಲವನ್ನೂ ಹೇಳಿದೆ, ನಾನು ಮಾಡಿದ್ದನ್ನೂ ಸೇರಿಸಿ. ಆ ಹುಡುಗಿ ಕೇಳಿದ್ದು ಒಂದೇ: "ಆ ಅಕ್ಕಗ ಹೇಳೀರೇನ್ರಿ?"

ಇಲ್ಲ, ಹೇಳಿಲ್ಲ.

ನೀನು ಈಗ ಬಳ್ಳಾರಿಯ ಕಂಟೋನ್ಮೆಂಟ್ ಕಡೆ ಇದ್ದೀಯೆಂದು ತಿಳಿಯಿತು. ಈ ಭಾನುವಾರ ಮೊದಲ ಬಸ್ಸಿಗೆ ನೋಟ್‌ಬುಕ್ಕು ಹಿಡಿದು ಬರುತ್ತೇನೆ. ಬಾಗಿಲು ತೆಗೆಯದಿದ್ದರೆ ಅದು ನಿನ್ನ ಹಕ್ಕು. ಹೊಸ್ತಿಲ ಮೇಲಿಟ್ಟು ಹೋಗುತ್ತೇನೆ. ಖಾಲಿ ಜಾಗವನ್ನು ಇಲ್ಲೇ ಕೂತು ತುಂಬಬಹುದಿತ್ತು. ತುಂಬಿಲ್ಲ. ನೀನು ಪುಟ ತೆರೆದು ಮುಂದೆ ಹಿಡಿದರೆ ಮಾತ್ರ — ಸಹಿ ಮಾಡುತ್ತೇನೆ.