ಶಿರಾದಲ್ಲಿ ಹೂತ ಪೈಪು

ಚಹಾದ ಟ್ರೇ ಹಿಡಿದು ಹಾಲ್‌ಗೆ ಬಂದರೆ, ನನ್ನನ್ನು ನೋಡಲು ಬಂದವರೆಲ್ಲ ಶಿರಾ ನೋಡುತ್ತಿದ್ದರು!

ಹುಡುಗನ ತಂದೆ ತಟ್ಟೆಯ ಶಿರಾದಲ್ಲಿ ಚಮಚದಿಂದ ಸಾಲು ಹೊಡೆಯುತ್ತಿದ್ದರು. ಪಕ್ಕದಲ್ಲೇ ನಮ್ಮಪ್ಪ ಫೋರ್ಕ್‌ನಿಂದ ಇನ್ನೊಂದು. ಬಾಗಲಕೋಟೆ ಕಡೆ ಇಬ್ಬರ ಹೊಲಕ್ಕೂ ಕಾಲುವೆ ನೀರು ನಿಂತು ಜವಳು ಹಿಡಿದಿದೆ. ನೆಲದೊಳಗೆ ತೂತಿನ ಪೈಪು ಹೂತು ನೀರು ಬಸಿಯಬೇಕು. ಪೈಪು ಹೂಳಲು ಟ್ರ್ಯಾಕ್ಟರ್ ಹಿಂದೆ ಎಳೆಯುವ ನೇಗಿಲು ವಾಸಿಯೋ, ಟ್ರ್ಯಾಕ್ಟರ್‌ಗೇ ಕೂರಿಸುವ ನೇಗಿಲೋ ಎಂಬುದು ಜಗಳ; ಚಮಚ ಎಂದರೆ ಎಳೆಯುವ ನೇಗಿಲು, ಫೋರ್ಕ್ ಎಂದರೆ ಕೂರಿಸುವ ನೇಗಿಲು. ಅಮ್ಮನ ಸೀರೆ ಪಿನ್ನಿನಿಂದ ತೂತು ಮಾಡಿದ ಜ್ಯೂಸ್ ಸ್ಟ್ರಾಗಳನ್ನು ತುದಿ ತಟ್ಟೆಯಾಚೆ ಚಾಚುವಂತೆ ಎರಡೂ ಸಾಲಿನಲ್ಲಿಟ್ಟು ಮುಚ್ಚಿದರು.

“ತಂಗಿ, ಚಹಾ ಇದರ ಮ್ಯಾಲ ಸುರುವವ್ವಾ,” ಎಂದರು ಹುಡುಗನ ತಂದೆ. ಅವತ್ತು ಅವರು ನನ್ನೊಡನೆ ಆಡಿದ ಮಾತು ಅದೊಂದೇ.

ಸುರುವಿದೆ. ಅಪ್ಪನ ಸ್ಟ್ರಾದಿಂದ ಚಹಾ ಮೊದಲು ತೊಟ್ಟಿಕ್ಕಿತು. ಹಿರಿಯರಿಬ್ಬರೂ ತಬ್ಬಿಕೊಂಡರು. ಹುಡುಗ ಅದನ್ನೆಲ್ಲ ವಿಡಿಯೋ ಮಾಡಿಕೊಂಡ. ನನ್ನ ಜರತಾರಿ ಸೀರೆ ಆ ವಿಡಿಯೋದಲ್ಲಿ ಮೊಣಕಾಲಿನವರೆಗೆ ಮಾತ್ರ ಇದೆ.

ಮದುವೆ ಮಾತನ್ನು ಆಮೇಲೆ ಯಾರೂ ಎತ್ತಲೇ ಇಲ್ಲ. ನೇಗಿಲು ಮಾತ್ರ ಅಪ್ಪಂದಿರಿಬ್ಬರೂ ಸೇರಿ ತಂದರು. ಕಲ್ಯಾಣ ನಗರದ ನಮ್ಮ ಫ್ಲಾಟಿಗೆ ಭಾನುವಾರ ಹುಡುಗನ ತಂದೆಯ ಫೋನ್ ಬಂದರೆ ಅಮ್ಮ ಇವತ್ತಿಗೂ ಆಸೆಯಿಂದ ಎದ್ದು ಕೂರುತ್ತಾಳೆ. ಅಪ್ಪ ಕೇಳುವುದೊಂದೇ: “ನೀರು ಬಸೀತೇನ್ರಿ, ಬೀಗ್ರ?”