ಮಾಳವ್ವ ಕೂಗಿ ನೋಡಿದ ಯಂತ್ರ

ನನ್ನ ಅಕ್ಷರ ದುಂಡಗಿಲ್ಲ, ಮಾತು ಜೋಡಿಸಲೂ ಸರಿಯಾಗಿ ಬರುವುದಿಲ್ಲ. ಒಂಬತ್ತನೆಯ ತರಗತಿಗೆ ಶಾಲೆ ಬಿಟ್ಟವಳು. ತಪ್ಪಿದ್ದರೆ ಕ್ಷಮಿಸಿ. ನನ್ನ ಸೋದರತ್ತೆ ಮಾಳವ್ವನ ವಿಷಯ ಬರೆಯುತ್ತಿದ್ದೇನೆ.

ಅತ್ತೆ ಗಂಗಾವತಿ ಹತ್ತಿರದ ಮರಳಿ ಎಂಬ ಊರಿನವಳು. ಭತ್ತದ ನಾಟಿಗೆ ಹೆಣ್ಣಾಳುಗಳ ಗುಂಪು ಕಟ್ಟಿಕೊಂಡು ಹೋಗುತ್ತಾಳೆ. ಮೈಗಳ್ಳತನ ಮಾಡಿದವರ ಬೆನ್ನಿಗೆ ಸಸಿಯ ಕಟ್ಟಿನಿಂದಲೇ ಬಾರಿಸುತ್ತಾಳೆ. ಮಾವ ಪಂಪಣ್ಣ ಸತ್ತ ಮೇಲೆ ಹೀಗಾದಳಂತೆ.

ಮಾವ ಭತ್ತ ಕೊಯ್ಯುವ ಮಿಷನ್ನಿನ ಜೊತೆ ಆಳಾಗಿದ್ದ. ಸುಗ್ಗಿ ಶುರುವಾದ ದಿನ ಮಾಲೀಕ ಅದರ ಮುಂದೆ ಕುರಿ ಕಡಿಸಿ, ಗಾಲಿಗೆ ರಕ್ತ ಹಚ್ಚಿ, ಎಲ್ಲರಿಗೂ ಬಾಡೂಟ ಹಾಕಿಸಿದ್ದ. ರಕ್ತ ಕಂಡ ಮಿಷನ್ ಮನುಷ್ಯರನ್ನು ಮುಟ್ಟುವುದಿಲ್ಲವೆಂಬ ನಂಬಿಕೆ. ಮರುದಿನವೇ ಅದರ ಹಲ್ಲುಗಳಿಗೆ ಹುಲ್ಲು ಸಿಕ್ಕಿಕೊಂಡಿತು. ಮಾವ ಕೈ ಹಾಕಿ ಕೀಳುತ್ತಿದ್ದಾಗ ಮೇಲೆ ಕುಳಿತಿದ್ದ ಡ್ರೈವರ್ ಮಿಷನ್ ಶುರು ಮಾಡಿದ. "ನಿಲ್ಲಸೋ!" ಎಂದು ಮಾವ ಕೂಗಿದ್ದು ಇಂಜಿನ್ ಸದ್ದಿನಲ್ಲಿ ಅವನಿಗೆ ಕೇಳಲಿಲ್ಲ. ಬದುವಿನ ಮೇಲಿದ್ದ ಅತ್ತೆಗೆ ಕೇಳಿತು. ಅವಳು ಓಡಿ ಬರುವಷ್ಟರಲ್ಲಿ ತೋಳು ಭುಜದಿಂದ ಕಿತ್ತು ಹೋಗಿತ್ತು, ಕೆಸರು ಕೆಂಪಾಗಿತ್ತು. ಗಂಗಾವತಿಯ ಆಸ್ಪತ್ರೆ ಮುಟ್ಟುವ ಮೊದಲೇ ಜೀವ ಹೋಯಿತು. ಮಣ್ಣು ಮಾಡಿ ಬಂದವಳೇ ಅತ್ತೆ ಹಾರೆಯಿಂದ ಮಿಷನ್ನಿನ ಗಾಜು ಒಡೆದಳು, ಡ್ರೈವರನ ಮೊಣಕೈ ಮುರಿದಳು.

ಈಗ ಅತ್ತೆಯ ಕಿಡ್ನಿಯಲ್ಲಿ ಗಡ್ಡೆ. ತೆಗೆಸದೆ ಬಿಟ್ಟರೆ ಬದುಕುವುದಿಲ್ಲ. ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಡಾಕ್ಟರ್ ಶಾಂಭವಿ ಹೇಳಿದರು: "ರೋಬೋಟ್ ಮಿಷನ್‌ದಿಂದ ಆಪರೇಷನ್ ಮಾಡತೀವ್ರಿ. ಗಾಯ ಸಣ್ಣದು, ಭಾಳ ನೋಯಾಂಗಿಲ್ಲ."

ಅತ್ತೆ ಎದ್ದು ನಿಂತಳು. "ಗಡ್ಡಿ ಇಟಗೊಂಡ ಸಾಯತೀನಿ. ಮಿಷನ್ನಿಗೆ ಮೈ ಕೊಡಾಂಗಿಲ್ಲ."

ಅವಳ ತಮ್ಮ ಸಿದ್ದೇಶ, ಅಂದರೆ ನನ್ನ ಅಪ್ಪ, ಸಮಾಧಾನ ಮಾಡಲು ಹೋದ. "ಅಕ್ಕಾ, ಬೇಕಾದ್ರ ಒಂದು ಕೋಳಿ ಕೊಯ್ಸಿ ಅದಕ್ಕೂ ರಕ್ತ ಹಚ್ಚೋಣ ಬಿಡು."

ಅತ್ತೆ ಎಸೆದ ಬುತ್ತಿಡಬ್ಬಿ ಅಪ್ಪನ ಬಾಯಿಗೆ ಬಡಿಯಿತು. ತುಟಿ ಸೀಳಿ ರಕ್ತ ಅಂಗಿಗಿಳಿಯಿತು.

"ಆ ಮಿಷನ್ನಿಗೂ ಕುರಿ ಕಡಿದಿದ್ರಲೇ ಖೋಡಿ! ಆ ಬಾಡ ನನ್ನ ಗಂಡನೂ ಉಂಡಿದ್ದ!"

ಹಿಡಿಯಲು ಬಂದ ನರ್ಸಿನ ಕೈಯನ್ನು ಅತ್ತೆ ಹಲ್ಲು ಮೂಡುವಂತೆ ಕಚ್ಚಿದಳು.

ಡಾಕ್ಟರ್ ಮೆಲ್ಲಗೆ ಹೇಳಿದರು: "ಅದು ತಾನಾಗಿ ಏನೂ ಮಾಡಾಂಗಿಲ್ಲವ್ವಾ. ಕುಂತು ನಡಸಾಕಿ ನಾನು."

"ಆ ಡ್ರೈವರನೂ ಕುಂತ ನಡಸತಿದ್ದ."

ಅತ್ತೆ ಮತ್ತೆ ಕೇಳಿದಳು: "ನನ್ನ ಬಾಜೂಕ ಯಾರ ಇರ್ತಾರ?"

"ಇನ್ನೊಬ್ಬರು ಡಾಕ್ಟರ್ ನಿಂತಿರ್ತಾರ."

"ಅವರು ಒದರಿದ್ರ ನಿಮಗ ಕೇಳತೈತೇನು?"

"ಕೇಳತೈತ್ರಿ. ನೋಡೋ ಪೆಟಗಿಯಿಂದ ನಾ ಮುಖ ಎತ್ತಿದ್ರ ಸಾಕು, ಮಿಷನ್ ನಿಲ್ಲತೈತಿ."

"ತೋರಸ್ರಿ."

ಸಂಜೆ ನಮ್ಮನ್ನು ಹೊಸ ಡಾಕ್ಟರುಗಳಿಗೆ ಕಲಿಸುವ ಕೋಣೆಗೆ ಕರೆದೊಯ್ದರು. ಡಾಕ್ಟರ್ ಮೂಲೆಯಲ್ಲಿ ಕುಳಿತು ಒಂದು ಪೆಟ್ಟಿಗೆಯೊಳಗೆ ಮುಖವಿಟ್ಟರು. ಖಾಲಿ ಮಂಚದ ಮೇಲೆ ಯಂತ್ರದ ಉದ್ದನೆಯ ಕೈಗಳು ರಬ್ಬರಿನ ತುಂಡೊಂದನ್ನು ಹಿಡಿದು ಕತ್ತರಿಸತೊಡಗಿದವು. ನನ್ನ ಮುಂಗೈಗೆ ಅತ್ತೆಯ ಉಗುರು ಇಳಿದು ರಕ್ತ ಬಂತು.

"ನಿಲ್ಲಸೋ!"

ಕೂಗಿದವಳು ಅತ್ತೆ. ಡಾಕ್ಟರ್ ತಲೆ ಎತ್ತಿದರು. ಯಂತ್ರದ ಕೈಗಳು ಇದ್ದಲ್ಲೇ ನಿಂತವು.

ಅತ್ತೆ ಆ ಕತ್ತರಿಗಳ ನಡುವೆ ತನ್ನ ಕೈ ಇಟ್ಟು ಬಹಳ ಹೊತ್ತು ನಿಂತಳು. ಆಮೇಲೆ, "ಈಕಿಗೆ ಕೇಳತೈತಿ" ಎಂದಳು.

"ಅಂದ್ರ ಕೋಳಿ ಉಳೀತು" ಎಂದ ಅಪ್ಪ, ಬಾತ ತುಟಿಯಲ್ಲೇ.

"ನಿನ್ನ ತುಟಿ ಮಾಯಲಿ, ಕೋಳಿ ನೀನ ತಿನ್ನು."

ಅತ್ತೆ ಒಪ್ಪಿಗೆಯ ಹೆಬ್ಬೆಟ್ಟು ಒತ್ತಿದ್ದಾಳೆ. ನಾಳೆ ಬೆಳಿಗ್ಗೆ ಆಪರೇಷನ್. ನನ್ನನ್ನು ಒಳಗೆ ಬಿಡುವುದಿಲ್ಲವಂತೆ. ನಾನು ಬಾಗಿಲ ಹೊರಗೆ ನಿಂತಿರುತ್ತೇನೆ.